ಕಟಕಟ ಎಂದ ಕಾರು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ನನಗೆ ಮಾರುಕಟ್ಟೆಯಲ್ಲಿ ಒಂದು ಹೆಸರಿತ್ತು. ಒಂದೇ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಇಡೀ ರಾಶಿಯ ಜಾತಕ ಹೇಳುತ್ತಿದ್ದೆ. ಒಳಗಿನ ಹುಳ ಕಟಕಟ ಎಂದರೆ ಮಾಲು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳ ಸತ್ತು ಒಳಗೇ ಅಂಟಿಕೊಂಡಿದೆ. ಇಂಥ ಕಿವಿಯುಳ್ಳ ಮನುಷ್ಯನಿಗೆ ಹಳೇ ಕಾರು ಕೊಳ್ಳುವುದು ಯಾವ ಮಹಾ ಕೆಲಸ!

ಕಾರು ಬೇಕಾಗಿದ್ದುದು ಅಮ್ಮನಿಗೆ. ತೊಂಡೇಬಾವಿಯಲ್ಲಿ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಲಕ್ವ ಹೊಡೆದು ಮಲಗಿದ್ದರು. ದಿನದಿನಕ್ಕೂ ಇಳಿದುಹೋಗುತ್ತಿದ್ದರು. ಅಮ್ಮನಿಗೋ ವಿಪರೀತ ಮಂಡಿನೋವು, ಬಸ್ಸು ಹತ್ತಿ ಇಳಿಯುವುದು ಆಗದ ಮಾತು.

"ಒಂದ್ಸಲ ಮುಖ ನೋಡ್ಕೊಂಡು ಬಂದ್ಬಿಡ್ತೀನಿ ಕಣಪ್ಪ" ಎಂದು ದಿನಾ ಹೇಳುತ್ತಿದ್ದಳು.

"ನಾಳೇನೇ ಬಾಡಿಗೆ ಕಾರು ಮಾಡಣ ಬಿಡ್ರೀ" ಎಂದಳು ಹೆಂಡತಿ ಮಂಜುಳಾ.

ಬಾಡಿಗೆ! ನನ್ನಮ್ಮ ತವರಿಗೆ ಸ್ವಂತ ಕಾರಿನಲ್ಲೇ ಹೋಗತಕ್ಕದ್ದು ಎಂದು ಘೋಷಿಸಿದೆ.

ಚಿಂತಾಮಣಿಯ ಬ್ರೋಕರ್ ಒಬ್ಬ ಬಿಳೀ ಕಾರು ತೋರಿಸಿದ. ನಾವು ಹೋಗುವ ಹೊತ್ತಿಗೇ ಎಂಜಿನ್ ಓಡುತ್ತಿತ್ತು. ಒಳಗೆಲ್ಲ ಊದುಬತ್ತಿಯ ಹೊಗೆ.

"ಒಂದ್ಸಲ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ" ಎಂದಳು ಮಂಜುಳಾ.

"ಓಡ್ತಿರೋ ಗಾಡಿನ ನಿಲ್ಲಿಸ್ಬಾರ್ದು ಅಕ್ಕಾ, ಅಪಶಕುನ!"

"ಮ್ಯಾಟ್ ಕೆಳಗೆ ಒದ್ದೆ ಇದೆಯಲ್ಲ?"

"ಏಮೀ ಲೇದಕ್ಕಾ, ಏನೂ ಇಲ್ಲ, ಈಗ್ತಾನೆ ತೊಳ್ದಿದೀವಿ."

"ರೀ, ಬಾಗಿಲಿನ ಬಣ್ಣ ಕೈಗೆ ಅಂಟ್ತಿದೆ" ಎಂದು ಅವಳು ಬೆಳ್ಳಗಾದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

ಇವಳಿಗೆ ಎಲ್ಲದರಲ್ಲೂ ಅನುಮಾನ ಎಂದು ನಕ್ಕು, ತಜ್ಞನ ಗಾಂಭೀರ್ಯದಿಂದ ನಾನು ಮುಂದೆ ಬಂದೆ. ಕಾರಿನ ಮೈಮೇಲೆ ಎರಡೂ ಕೈಯಿಟ್ಟು ಜೋರಾಗಿ ಅಲ್ಲಾಡಿಸಿ ಕಿವಿಗೊಟ್ಟೆ. ಮುಂದಿನಿಂದ ಕಟಕಟ, ಹಿಂದಿನಿಂದ ಕಟಕಟ, ತಳದಿಂದಲೂ ಕಟಕಟ!

"ಮಾಲು ಚೆನ್ನಾಗಿದೆ" ಎಂದೆ.

ಬ್ರೋಕರ್ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಅವಸರವಾಗಿ ಕೈ ಕುಲುಕಿದ. ಅಂಥ ಗಿರಾಕಿ ಅವನಿಗೆ ಜನ್ಮದಲ್ಲೇ ಸಿಕ್ಕಿರಲಿಕ್ಕಿಲ್ಲ.

ಭಾನುವಾರ ಹೊರಟೆವು. ಅಮ್ಮ ಅಣ್ಣನಿಗೆಂದು ಮಾಡಿದ ರಾಗಿ ಹುರಿಹಿಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಮೊದಲು ಹೋದದ್ದು ಹಾರನ್. ಚಿಕ್ಕಬಳ್ಳಾಪುರದಲ್ಲಿ ಕಿಟಕಿಯ ಗಾಜು ಬಾಗಿಲೊಳಗೆ ಇಳಿದು ಮಾಯವಾಯಿತು. ಏರು ಬಂದಾಗ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಮ್ಮನ್ನು ಹಿಂದೆ ಹಾಕಿದ! ಮಂಚೇನಹಳ್ಳಿಯ ಬಸ್‌ಸ್ಟಾಪಿನ ಹತ್ತಿರ ಕಾರು ದೊಡ್ಡದಾಗಿ ಸದ್ದು ಮಾಡಿ ನಿಂತೇಹೋಯಿತು. ತಳದಿಂದ ಎಣ್ಣೆ ಹರಿಯಿತು. ಬಾನೆಟ್ ಎತ್ತಿದೆ, ಹೊಗೆ ಮುಖಕ್ಕೆ ಹೊಡೆಯಿತು. ಮುಂದೇನು ಮಾಡಬೇಕೆಂದು ತಿಳಿಯದೆ ಮತ್ತೆ ಮುಚ್ಚಿದೆ.

ಎಸ್‌ಟಿಡಿ ಬೂತಿನಿಂದ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಅವನು ಯಾರದೋ ಮದುವೆಗೆ ಹೋಗಿದ್ದ.

"ಇವತ್ತು ಆಗಲ್ವೇನಪ್ಪ?" ಎಂದಳು ಅಮ್ಮ.

ಆ ದನಿ ಕೇಳಿ ನನಗೆ ಅಳುವೇ ಬಂತು. "ಇನ್ನೊಂದರ್ಧ ಗಂಟೆ ಅಮ್ಮ" ಎಂದು ಸುಳ್ಳು ಹೇಳಿದೆ.

ಅಷ್ಟರಲ್ಲಿ ತೊಂಡೇಬಾವಿಯ ಬಸ್ಸು ಬಂತು. ಅಮ್ಮ ನನ್ನನ್ನು ಕೇಳಲಿಲ್ಲ. ಮಂಜುಳಾಳ ಭುಜ ಹಿಡಿದು, ಹಲ್ಲು ಕಚ್ಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದಳು. ಬಸ್ಸು ಹೋಯಿತು. ನಾನೂ ಕಾರೂ ಉಳಿದೆವು.

ಸಂಜೆ ಅವರು ವಾಪಸು ಬಂದಾಗಲೂ ನಾನು ಅಲ್ಲೇ, ಕಾರು ಎಳೆಯಲು ಒಂದು ಟ್ರ್ಯಾಕ್ಟರ್ ಸಿಕ್ಕೀತೇ ಎಂದು ಕಾಯುತ್ತಿದ್ದೆ. ಮಾವ ಅಮ್ಮನ ಕೈ ಹಿಡಿದವರು ಬಿಡಲೇ ಇಲ್ಲವಂತೆ. ಅದೇ ವಾರ ಅವರು ತೀರಿಕೊಂಡರು.

ತಿಥಿಗೆ ಸೇರಿದ ನೆಂಟರ ಮುಂದೆ ಮಂಜುಳಾ ಆ ಕಾರಿನ ಮಾತೆತ್ತಿ ಬೈಯತೊಡಗಿದಳು. ನಾನು ತಲೆ ತಗ್ಗಿಸಿ ಕುಳಿತೆ. ಆಗ ಅಮ್ಮ ಕಣ್ಣೊರೆಸಿಕೊಂಡು ನನ್ನ ಪರವಾಗಿ ಬಾಯಿ ಬಿಟ್ಟಳು.

"ಕಾರನ್ನ ಬೈಬೇಡ ಕಣಮ್ಮ. ಪಾಪ, ಒಳ್ಳೇದು ಅದು. ಬಸ್‌ಸ್ಟಾಪ್ ಮುಂದೇನೇ ಕೆಟ್ಟು ನಿಂತ್ಕೊಳ್ತು. ಇನ್ನೊಂಚೂರು ಓಡಿ ನಡುದಾರೀಲಿ ನಿಂತಿದ್ರೆ, ನಮ್ಮಣ್ಣನ ಮುಖ ನಾನು ನೋಡ್ತಾನೇ ಇರ್ಲಿಲ್ಲ!"