ಮೇಕೆ, ಮಗಳು ಮತ್ತು ನನ್ನ ನಶ್ಯದ ಡಬ್ಬಿ

ನನ್ನ ಮುಖದ ಮೇಲೆ ಮೂಗು ಇರುವುದು ಕನ್ನಡಕ ಕೂರಿಸಲಿಕ್ಕೆ ಮಾತ್ರ ಎಂದು ನಾನು ಬಹಳ ವರ್ಷ ನಂಬಿದ್ದೆ. ವಿಜ್ಞಾನದ ಮೇಷ್ಟ್ರಾದವನು ಇಂಥ ಮಾತು ಆಡಬಾರದು. ಆದರೆ ನಿವೃತ್ತಿಯಾದ ಮೇಲೆ ಯಾವ ಇನ್‌ಸ್ಪೆಕ್ಟರೂ ಬಂದು ಕೇಳುವುದಿಲ್ಲವಾದ್ದರಿಂದ ಧೈರ್ಯವಾಗಿ ಆಡುತ್ತಿದ್ದೇನೆ. ಕಾಲೇಜಿನಲ್ಲಿ ಹತ್ತಿದ ನಶ್ಯದ ಚಟ ನನ್ನ ಮೂಗಿನ ಎರಡೂ ಬಾಗಿಲಿಗೆ ಬೀಗ ಜಡಿದಿತ್ತು. ಸಾರು ಸೀದದ್ದು ನನಗೆ ತಿಳಿಯುತ್ತಿದ್ದುದು ಹೆಂಡತಿ ಅಡುಗೆಮನೆಗೆ ಓಡಿದಾಗಲೇ. ಇಂಥ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಬಿಳಿಚೋಡಿನಲ್ಲಿ ಮೇಷ್ಟ್ರಾಗಿ, ಬೋರ್ಡಿನ ಮುಂದೆ ನಿಂತು, ಪ್ರಾಣಿಗಳು ವಾಸನೆಯಿಂದ ಹೇಗೆ ಮಾತಾಡಿಕೊಳ್ಳುತ್ತವೆ ಎಂದು ಪಾಠ ಹೇಳುತ್ತಿದ್ದೆ. ಒಮ್ಮೆ ಕ್ಲಾಸಿನ ಗೋಡೆಯ ಮೇಲೆ ಇರುವೆ ಸಾಲು ಹೊರಟಿತ್ತು. ಸಾಲಿನ ನಡುವೆ ಬೆರಳಿನಿಂದ ಅಡ್ಡ ಗೀಟು ಎಳೆದೆ. ಇರುವೆಗಳು ಗೀಟಿನ ಬಳಿ ಬಂದು ಗಾಬರಿಯಾಗಿ ಅತ್ತಿತ್ತ ಸುತ್ತತೊಡಗಿದವು. 'ನೋಡಿದಿರಾ, ಅವು ದಾರಿಗುಂಟ ಬಿಟ್ಟು ಬಂದ ರಾಸಾಯನಿಕ ಅಳಿಸಿಹೋಯಿತು' ಎಂದೆ. 'ಆ ವಾಸನೆ ಹೆಂಗಿರ್ತೈತೆ ಸಾರ್?' ಎಂದು ಒಬ್ಬಳು ಹುಡುಗಿ ಕೇಳಿದಳು. ತಿಳಿಯದು ಎನ್ನಲು ಅಭಿಮಾನ ಬಿಡಲಿಲ್ಲ. ಗೋಡೆಗೆ ಮೂಗು ಹಚ್ಚಿ ಜೋರಾಗಿ ಎಳೆದೆ. ಎರಡು ಇರುವೆ ಒಳಗೆ ಹೋದವು. ಅಷ್ಟೇ ಬೇಗ ಹೊರಗೂ ಬಂದವು. ಒಳಗೆ ಅವಕ್ಕೆ ಏನು ಸುದ್ದಿ ಸಿಕ್ಕಿತೋ, ಪಾಪ, ಮತ್ತೆ ಆ ಗೋಡೆಯ ಕಡೆ ಅವು ಸುಳಿಯಲಿಲ್ಲ.

ನಶ್ಯವನ್ನು ಸುಮ್ಮನೆ ಬೈಯುವ ಹಾಗೂ ಇಲ್ಲ. ನನಗೆ ಮದುವೆಯಾದದ್ದೇ ಅದರಿಂದ ಎನ್ನಬಹುದು. ಹೆಣ್ಣು ನೋಡಲು ನಮ್ಮೂರು ಚನ್ನಗಿರಿಯಿಂದ ನ್ಯಾಮತಿಗೆ ಬಸ್ಸಿನಲ್ಲಿ ಹೋಗಿದ್ದೆವು. ಹುಡುಗಿಯ ತಂದೆ ಬಟ್ಟೆ ಅಂಗಡಿಯವರು. ಎಲ್ಲರೂ ಬಿಗಿದುಕೊಂಡು ಕುಳಿತಿದ್ದಾಗ ಅವರು ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ತಟ್ಟಿದರು. ನನ್ನ ಕೈ ನನಗೆ ತಿಳಿಯದೆಯೇ ಮುಂದೆ ಹೋಯಿತು. 'ಓಹೋ, ನೀವೂ ನಮ್ಮೋರೇ!' ಎಂದರು. ಇಬ್ಬರೂ ಒಟ್ಟಿಗೆ ಸೀನಿದೆವು. ಒಟ್ಟಿಗೆ ಸೀನಿದ್ದು ಶುಭಶಕುನ ಎಂದು ಅವರೇ ತೀರ್ಮಾನಿಸಿ ಮದುವೆ ನಿಶ್ಚಯ ಮಾಡಿದರು. ಹುಡುಗಿ ಗಿರಿಜೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳಿಗೆ ನನ್ನ ಬಿ.ಎಸ್‌ಸಿ. ಮೆಚ್ಚುಗೆಯಾಯಿತೋ ನನ್ನ ಗುಂಗುರು ಕೂದಲೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿ ಕೂದಲು ಎಂದೇ ಸಮಾಧಾನ ಮಾಡಿಕೊಂಡಿದ್ದೆ.

ಮದುವೆಯಾಗಿ ಆರು ವರ್ಷಕ್ಕೆ ಮಗಳು ಹುಟ್ಟಿದಳು. ಮೊಮ್ಮಗಳ ಮುಖ ನೋಡುವ ಭಾಗ್ಯ ನಮ್ಮ ಮಾವನಿಗೆ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಗಿರಿಜೆ ತೌರಿನಲ್ಲಿ ಬಾಣಂತನ ಮುಗಿಸಿ ಐದು ತಿಂಗಳ ಕೂಸಿನ ಜೊತೆ ಬಿಳಿಚೋಡಿಗೆ ಬಂದಳು. ನಾನು ಬಸ್ ಸ್ಟ್ಯಾಂಡಿಗೇ ಹೋಗಿ ಎರಡೂ ಕೈ ಚಾಚಿದೆ. ಕೂಸು ನನ್ನ ಎದೆಗೆ ಬಂದದ್ದೇ ತಡ, ಮುಖ ಕಿವುಚಿ, ಮೂಗು ಮೇಲೆತ್ತಿ, ಬಸ್ಸಿನ ಹಾರನ್ ಕೇಳಿಸದ ಹಾಗೆ ಅತ್ತಿತು. ಹೊಸ ಮುಖ, ಅದಕ್ಕೆ ಎಂದರು. ವಾರ ಕಳೆದರೂ ಅದೇ ರಾಗ. ಪಕ್ಕದ ಮನೆಯವರ ಕೈಗೆ, ಹಾಲಿನವಳ ಕೈಗೆ, ಬಳೆಗಾರನ ಕೈಗೆ ಕೂಡ ನಗುತ್ತಾ ಹೋಗುತ್ತಿತ್ತು. ಹೆತ್ತ ಅಪ್ಪ ಎತ್ತಿಕೊಂಡರೆ ಮಾತ್ರ ಆಕಾಶ ಕಳಚಿ ಬಿದ್ದಂತೆ ಅಳು. ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಏನು ತಪ್ಪು ಮಾಡಿದೆ ಎಂದು ಕನ್ನಡಿ ಮುಂದೆ ನಿಂತು ಮುಖ ನೋಡಿಕೊಂಡೆ, ಮೀಸೆ ತೆಗೆದೆ, ಕನ್ನಡಕ ಬದಲಿಸಿದೆ. ಯಾವುದಕ್ಕೂ ಅಳು ನಿಲ್ಲಲಿಲ್ಲ.

ಈ ಗೊಂದಲದ ನಡುವೆ ಮೇಕೆ ಬಂತು. ಗಿರಿಜೆಯ ಹಾಲು ಕೂಸಿಗೆ ಸಾಲುತ್ತಿರಲಿಲ್ಲ, ಹಸುವಿನ ಹಾಲು ಅದಕ್ಕೆ ಒಗ್ಗುತ್ತಿರಲಿಲ್ಲ. ಹಿತ್ತಲಿನಾಚೆ ಹಟ್ಟಿಯಿದ್ದ ಓಬಜ್ಜ, ಬದುಕೆಲ್ಲ ಕುರಿ ಮೇಕೆಯ ಹಿಂದೆ ನಡೆದವನು, 'ಮೇಕೆ ಹಾಲು ಕುಡಿಸ್ರಿ ಮೇಷ್ಟ್ರೇ, ಕೂಸು ಗಟ್ಟಿಯಾಗ್ತೈತೆ' ಎಂದು ಗಬ್ಬದ ಮೇಕೆಯೊಂದನ್ನು ತಾನೇ ಆರಿಸಿ ತಂದು ನಮ್ಮ ಗೂಟಕ್ಕೆ ಕಟ್ಟಿದ. ಓಬಜ್ಜನಿಗೂ ನನಗೂ ಸ್ನೇಹ ಇದ್ದರೂ ವಿಜ್ಞಾನದ ವಿಷಯದಲ್ಲಿ ಜಗಳವಿತ್ತು. ಮೇಕೆ ಬಾಯಿ ಹಾಕಿದ ಜಾಲಿಗಿಡ ತನ್ನ ಸೊಪ್ಪನ್ನು ಕಹಿ ಮಾಡಿಕೊಳ್ಳುತ್ತದೆ, ಅಷ್ಟೇ ಅಲ್ಲದೆ ಗಾಳಿ ಹೋಗುವ ದಿಕ್ಕಿನ ಗಿಡಗಳಿಗೂ ಸುದ್ದಿ ಮುಟ್ಟಿಸುತ್ತದೆ ಎಂದು ಅವನು ವಾದಿಸುತ್ತಿದ್ದ. 'ಅದಕ್ಕೇ ನಾವು ಗಾಳಿಗೆ ಎದುರಾಗಿ ಮೇಯಿಸ್ಕೊಂಡು ಹೋಗಾದು.' ನಾನು ನಗುತ್ತಾ, ಗಿಡಗಳಿಗೂ ಪೋಸ್ಟಾಫೀಸು ಐತೇನಜ್ಜ ಎಂದರೆ, 'ನಿಮ್ಮ ಪುಸ್ತಕದಾಗೆ ಇಲ್ಲೇನು?' ಎಂದ. ಇಲ್ಲ ಎಂದೆ. 'ಹಂಗಾರೆ ಬರೆಸ್ರಿ' ಎಂದು ಎದ್ದು ಹೋದ. ಎಷ್ಟೋ ವರ್ಷದ ಮೇಲೆ ಪತ್ರಿಕೆಯೊಂದರಲ್ಲಿ ಹೆಚ್ಚುಕಡಿಮೆ ಅದೇ ಮಾತು ಓದಿ ಕ್ಷಮೆ ಕೇಳಬೇಕೆನಿಸಿತು. ಆ ಹೊತ್ತಿಗೆ ಓಬಜ್ಜ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೇಕೆ ಮರಿ ಹಾಕಿತು. ಹಿತ್ತಲಿಗೆ ಮೊದಲು ಹೋದವನು ನಾನೇ. ಮೈತುಂಬ ಲೋಳೆ ಮೆತ್ತಿಕೊಂಡು ಚಳಿಗೆ ನಡುಗುವ ಮರಿ ನೋಡಿ ಅಯ್ಯೋ ಎನಿಸಿತು. ತಾಯಿ ಇನ್ನೂ ಸುಧಾರಿಸಿಕೊಳ್ಳುತ್ತಿತ್ತು. ಶುಚಿತ್ವದ ಬಗ್ಗೆ ವಾರಕ್ಕೊಂದು ಭಾಷಣ ಮಾಡುವ ಮೇಷ್ಟ್ರು ಏನು ಮಾಡಬೇಕೋ ಅದನ್ನೇ ಮಾಡಿದೆ. ಮರಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ, ಬಿಸಿನೀರು ಹದ ಮಾಡಿ, ಮೈಗೆ ಹಚ್ಚುವ ಸೋಪನ್ನೇ ಹಚ್ಚಿ ತೊಳೆದು, ಟವೆಲಿನಲ್ಲಿ ಒರೆಸಿ, ಮದುಮಗನನ್ನು ಕರೆತರುವ ಹಾಗೆ ತಾಯಿಯ ಮುಂದೆ ನಿಲ್ಲಿಸಿದೆ. ತಾಯಿ ಮೂಸಿತು. ಹಿಂದೆ ಸರಿಯಿತು. ಇನ್ನೊಮ್ಮೆ ಮೂಸಿ, ತಲೆ ತಗ್ಗಿಸಿ, ಹೆತ್ತ ಮರಿಯನ್ನು ಗುಮ್ಮಿ ಉರುಳಿಸಿತು.

ಸುದ್ದಿ ಕೇಳಿ ಬಂದ ಓಬಜ್ಜ ಹಣೆ ಹಣೆ ಚಚ್ಚಿಕೊಂಡ. 'ಎಂಥ ಕೆಲಸ ಮಾಡಿದ್ರಿ ಮೇಷ್ಟ್ರೇ! ಆ ಲೋಳೇನ ತಾಯಿ ನೆಕ್ಕಬೇಕು. ನೆಕ್ಕಿದ್ರೇನೇ ಇದು ನಂದು ಅಂತ ಅದಕ್ಕೆ ಗೊತ್ತಾಗಾದು. ನೀವು ಮರಿ ಹೆಸರನ್ನೇ ತೊಳೆದು ಬಿಟ್ರಲ್ಲ!' ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಗಿರಿಜೆ, 'ಇದನ್ನೇ ಅಲ್ಲೇನು ರೀ ನೀವು ಸ್ಕೂಲಾಗೆ ಹೇಳಿ ಕೊಡಾದು?' ಎಂದಳು. ಮರಿ ಮೊಲೆಗೆ ಬಾಯಿ ಹಾಕದೆ ಹೋದರೆ ಮೇಕೆ ಹಾಲು ಇಳಿಸುವುದಿಲ್ಲ, ಎರಡು ಮೂರು ದಿನ ಹೀಗೇ ಆದರೆ ಮರಿಯೂ ಉಳಿಯುವುದಿಲ್ಲ, ನಮ್ಮ ಕೂಸಿಗೆ ಹಾಲೂ ಇಲ್ಲ ಎಂದು ಓಬಜ್ಜ ಹೇಳಿದಾಗ ನನಗೆ ಅಳುವೇ ಬಂತು. 'ಹಿಂಡಿನಾಗೆ ಮರಿ ಸತ್ತರೆ ನಾವು ಅದರ ತೊಗಲು ಬಿಡಿಸಿ ತಬ್ಬಲಿ ಮರಿಗೆ ಹೊದಿಸ್ತೀವಿ' ಎಂದ ಅವನು. 'ಸತ್ತ ಮರಿ ತಾಯಿ ಅದನ್ನ ಮೂಸ್ತೈತೆ. ತನ್ನ ಮರಿ ವಾಸನೆ. ಬಾ ಅಂತ ಹಾಲು ಕೊಡ್ತೈತೆ. ಹೊಟ್ಟೆ ತುಂಬಿದ ಮೇಲೆ ತೊಗಲಿನ ಒಳಗೆ ಯಾರಿದ್ರೆ ಏನು? ಆದರೆ ಇಲ್ಲಿ ಮರಿ ಬದುಕೈತೆ, ವಾಸನೆ ಸತ್ತೈತೆ. ನೋಡಾನ.'

ಅವನ ಉಪಾಯ ಸುಲಭವಾಗಿತ್ತು. ತಾಯಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ ನಾಲ್ಕು ತೊಟ್ಟು ಹಿಂಡಿ, ಆ ಹಾಲನ್ನೇ ಮರಿಯ ತಲೆಗೆ, ಬೆನ್ನಿಗೆ, ಬಾಲಕ್ಕೆ ಸವರಬೇಕು. ಉಳಿದದ್ದನ್ನು ಹತ್ತಿಯ ಬತ್ತಿಯಿಂದ ಮರಿಗೆ ಕುಡಿಸಬೇಕು. ತಾಯಿಯ ಹಾಲು ಎರಡು ದಿನ ಹೊಟ್ಟೆಯಲ್ಲಿ ಹೋದರೆ ಮರಿಯ ಮೈಯೆಲ್ಲ ತಾಯಿಯ ವಾಸನೆ ಹಿಡಿಯುತ್ತದೆಯಂತೆ. ತಪ್ಪು ನನ್ನದಾದ್ದರಿಂದ ಈ ಸೇವೆಯನ್ನು ಬೇರೆ ಯಾರಿಗೂ ಬಿಡಲಿಲ್ಲ. ಶಾಲೆಗೆ ರಜಾ ಚೀಟಿ ಬರೆದೆ. ಕಾರಣ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ 'ಕುಟುಂಬದಲ್ಲಿ ಬಿಕ್ಕಟ್ಟು' ಎಂದು ಬರೆದೆ. ಗಂಟೆಗೊಮ್ಮೆ ಹಾಲು ಸವರುವುದು, ಮರಿಯನ್ನು ಎತ್ತಿ ತಾಯಿಯ ಮೂಗಿಗೆ ಹಿಡಿಯುವುದು, ಅದು ಗುಮ್ಮುವುದು, ನಾನು ಬೇಸರಕ್ಕೆ ಒಂದು ಚಿಟಿಕೆ ಏರಿಸಿ ಮತ್ತೆ ಹಾಲು ಸವರುವುದು. ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಗುಮ್ಮುವ ಮುಂಚೆ ಮೇಕೆ ಪ್ರತಿ ಸಲವೂ ಸೀನುತ್ತಿತ್ತು. ನೆಗಡಿಯಾಗಿದೆ ಎಂದು ಕಾಳುಮೆಣಸಿನ ಕಷಾಯ ಕಾಯಿಸಿ ಹೊಯ್ದೆ. ಕಷಾಯ ಕುಡಿದು ನನ್ನನ್ನೂ ಒಮ್ಮೆ ಗುಮ್ಮಿತು.

ಎರಡನೆಯ ದಿನ ಸಂಜೆಗೆ ಮರಿ ಕಾಲು ಊರದಂತಾಯಿತು. ಓಬಜ್ಜ ಬಂದು ಕಂಬಳಿ ಹಾಸಿ ಕುಳಿತು ನನ್ನ ಸೇವೆಯನ್ನು ಸುಮ್ಮನೆ ನೋಡುತ್ತಿದ್ದ. ನಾನು ಹಾಲು ಸವರಿದೆ, ಮರಿಯನ್ನು ಹಿಡಿದೆ, ಮೇಕೆ ಸೀನಿತು. ಓಬಜ್ಜ ಥಟ್ಟನೆ ಎದ್ದು ನನ್ನ ಕೈ ಹಿಡಿದು ಮೂಸಿದ. ಅವನೂ ಸೀನಿದ. 'ಅಯ್ಯೋ ಶಿವನೇ! ಈ ಕೈಯಾಗೆ ಹಾಲು ಸವರಿದ್ರೇನು ಬಂತು? ಮರಿ ಮೈಮ್ಯಾಲೆ ನಿಮ್ಮ ನಶ್ಯ ಕುಂತೈತಲ್ರೀ! ಸೋಪಿನ ವಾಸನೆ ನಿನ್ನೇನೆ ಹೋಗೈತೆ. ಆ ಡಬ್ಬಿನಾದ್ರೂ ಬಿಡ್ರಿ, ಇಲ್ಲ ಮರಿನಾದ್ರೂ ಬಿಡ್ರಿ.' ನಾನು ಮರಿಯನ್ನು ಬಿಟ್ಟು ದೂರ ನಿಂತೆ. ಗಿರಿಜೆ ಕೂಸನ್ನು ಓಬಜ್ಜನ ಕಂಬಳಿಯ ಮೇಲೆ ಮಲಗಿಸಿ ತಾನೇ ಹಾಲು ಸವರಿ ಕುಡಿಸಿದಳು. ಮಾರನೆಯ ಬೆಳಿಗ್ಗೆ ಮೇಕೆ ಮರಿಯ ಬಾಲ ಮೂಸಿತು. ಸೀನಲಿಲ್ಲ. ಗಂಟಲೊಳಗೇ ಏನೋ ಗುರುಗುಟ್ಟಿ ನೆಕ್ಕತೊಡಗಿತು. ಮರಿ ಮೊಲೆಗೆ ಬಾಯಿಟ್ಟು ಬಾಲ ಅಲ್ಲಾಡಿಸಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ, ಒಳಗೆ ಬರಬೇಡ ಎಂದು ಶಾಲೆಯಿಂದ ಹೊರಹಾಕಿದ ಹುಡುಗನಂತೆ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು, ನಶ್ಯದಿಂದಲ್ಲ.

ಆಗ ನನಗೆ ಹೊಳೆಯಿತು. ಓಡಿ ಹೋಗಿ ತೊಟ್ಟಿಲಲ್ಲಿದ್ದ ಮಗಳನ್ನು ನೋಡಿದೆ. ಮುಖ ಕಿವುಚಿ, ಮೂಗು ಮೇಲೆತ್ತಿ ಅಳುವ ನನ್ನ ಮಗಳು! ಮೀಸೆಯದೂ ಅಲ್ಲ, ಕನ್ನಡಕದ್ದೂ ಅಲ್ಲ ತಪ್ಪು. ಆ ದಿನವೇ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಮೊದಲ ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಬೋರ್ಡಿನ ಮುಂದೆ ಸೀಮೆಸುಣ್ಣವನ್ನೇ ಚಿಟಿಕೆಯಲ್ಲಿ ಹಿಡಿದು ಮೂಗಿನ ತನಕ ಒಯ್ದು ವಾಪಸ್ ತಂದದ್ದುಂಟು. ಎರಡನೇ ವಾರ ಮೂಗಿನ ಬೀಗ ತೆರೆಯಿತು. ಮೊದಲು ಬಂದದ್ದು ಕಾಫಿಯ ವಾಸನೆ, ಆಮೇಲೆ ನನ್ನ ಕೋಟಿನದು. ಕೋಟನ್ನು ಗಿರಿಜೆ ಕೇಳುವ ಮೊದಲೇ ನೆನೆಹಾಕಿದೆ. ಮೂರನೇ ವಾರ ಮಗಳನ್ನು ಹೆದರುತ್ತಾ ಎತ್ತಿಕೊಂಡೆ. ಅವಳು ನನ್ನ ಕತ್ತಿನ ಹತ್ತಿರ ಮೂಗು ತಂದಳು. ನಾನು ಉಸಿರು ಬಿಗಿಹಿಡಿದೆ. ಅವಳು ಅಂಗಿಯ ಕಾಲರನ್ನು ಹಿಡಿದುಕೊಂಡು ಚೀಪತೊಡಗಿದಳು.

ಗೆದ್ದವನ ಗತ್ತಿನಲ್ಲಿ ಗಿರಿಜೆಯ ಪಕ್ಕ ಹೋಗಿ ಕುಳಿತೆ. 'ಮೇಕೆ ತಡೀಲಿಲ್ಲ, ಕೂಸು ತಡೀಲಿಲ್ಲ. ನೀನು ಆರು ವರ್ಷ ಹೆಂಗೆ ತಡ್ಕೊಂಡೆ ಮಾರಾಯ್ತಿ?' ಎಂದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

'ತಡ್ಕೊಳ್ಳಾಕೆ ಏನೈತೆ? ಅದು ನಮ್ಮಪ್ಪನ ವಾಸನೆ. ಮದುವೆ ದಿನ ಗುರುತಿಲ್ಲದೋರ ಪಕ್ಕ ಕುಂದ್ರಿಸಿದ್ರು, ಭಯ ಆಗಿತ್ತು. ನೀವು ಕೈ ಹಿಡಿದ್ರಿ. ಅಪ್ಪನ ವಾಸನೆ ಬಂತು. ಹೋಗ್ಲಿ, ನಮ್ಮೋರೇ ಅನ್ನಿಸ್ತು.' ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. 'ಅಪ್ಪ ಹೋದ ಮ್ಯಾಲೆ ಆ ವಾಸನೆ ನಿಮ್ಮ ಹತ್ರ ಒಂದೇ ಇತ್ತು ನೋಡ್ರಿ. ಈಗ ನೀವು ಬಂದು ಕುಂತ್ರೆ ಬರೀ ಸೋಪು. ಯಾರೋ ಬಂದಂಗೆ ಆಗ್ತೈತೆ.'

ಬಿ.ಎಸ್‌ಸಿ.ಯೂ ಅಲ್ಲ, ಗುಂಗುರು ಕೂದಲೂ ಅಲ್ಲ! ಮಾವನ ತೊಗಲು ಹೊದ್ದುಕೊಂಡು ಆರು ವರ್ಷ ಸಂಸಾರ ಮಾಡಿದ ತಬ್ಬಲಿ ಮರಿ ನಾನು. ಈಗ ಮಗಳಿಗಾಗಿ ತೊಗಲು ಕಳಚಿದರೆ ಹೆಂಡತಿಗೆ ಅಪರಿಚಿತ, ಹೆಂಡತಿಗಾಗಿ ಹೊದ್ದರೆ ಮಗಳಿಗೆ ಅಪರಿಚಿತ. ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಹೊಸ ಡಬ್ಬಿ ತಂದು, ತುಂಬಿಸಿ, ಬೇರೊಂದು ಅಂಗಿಯ ಜೇಬಿನಲ್ಲಿಟ್ಟೆ. ಮೂಗಿಗೆ ಏರಿಸುವುದಿಲ್ಲ. ಮಗಳನ್ನು ಎತ್ತಿಕೊಳ್ಳುವಾಗ ಒಂದು ಅಂಗಿ, ಗಿರಿಜೆಯ ಪಕ್ಕ ಕೂರುವಾಗ ಇನ್ನೊಂದು. ಮಗಳು ಬೆಳೆದು ಗಂಡನ ಮನೆಗೆ ಹೋಗಿ ಎಷ್ಟೋ ಕಾಲವಾಯಿತು, ಡಬ್ಬಿ ಮಾತ್ರ ಇವತ್ತಿಗೂ ಜೇಬಿನಲ್ಲಿದೆ. ಅದು ವಾಸನೆ ಕಳೆದುಕೊಂಡಾಗಲೆಲ್ಲ ಅಂಗಡಿಗೆ ಹೋಗುತ್ತೇನೆ. 'ಇನ್ನೂ ಬಿಟ್ಟಿಲ್ವಾ ಸಾರ್, ಈ ವಯಸ್ಸಿನಾಗೆ?' ಎಂದು ಅಂಗಡಿಯವನು ಕೇಳುತ್ತಾನೆ. ನಾನು ಬಿಟ್ಟು ಬಹಳ ವರ್ಷವಾಯಿತು, ಮನೆಯವಳು ಬಿಟ್ಟಿಲ್ಲ ಎಂದರೆ ಅವನು ಗಿರಿಜೆಯ ಬಗ್ಗೆ ಏನು ತಿಳಿದಾನೋ ಎಂದು ತಲೆ ತಗ್ಗಿಸಿ ಡಬ್ಬಿ ತುಂಬಿಸಿಕೊಂಡು ಬರುತ್ತೇನೆ.