ಮಗಳ ಪ್ರಾಜೆಕ್ಟಿಗೆ ನಾನು ಪಟ್ಟ ಪಾಡು

ಮಕ್ಕಳ ಪ್ರಾಜೆಕ್ಟುಗಳನ್ನು ಮಕ್ಕಳೇ ಮಾಡುತ್ತಾರೆ ಎಂದು ನಂಬುವವರು ಇನ್ನೂ ಇದ್ದಾರೆ. ಅಂಥವರಿಗೆ ಮಕ್ಕಳಿರುವುದಿಲ್ಲ. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟ ಸಂಜೆ ನಮ್ಮ ಮೂಡಲಪಾಳ್ಯದ ಸ್ಟೇಷನರಿ ಅಂಗಡಿಗೆ ಹೋಗಿ ನೋಡಿ, ಥರ್ಮಕೋಲ್ ಹಲಗೆ ತಬ್ಬಿಕೊಂಡು ನಿಂತವರೆಲ್ಲ ಅಪ್ಪಂದಿರೇ. ಅವರಲ್ಲಿ ನಾನೂ ಒಬ್ಬ. ಆಫೀಸಿನಲ್ಲಿ ನನ್ನ ಕೆಲಸವನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಹೊಗಳಿಲ್ಲ. ಆದರೆ ಮಗಳು ಇಂಚರ ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಮಾಡಿಕೊಟ್ಟ ಜ್ವಾಲಾಮುಖಿಗೆ ಅವಳ ಮಿಸ್ 'ಎಕ್ಸಲೆಂಟ್' ಎಂದು ಬರೆದಿದ್ದರು. ಅಂದಿನಿಂದ ನನಗೆ ಅದರ ರುಚಿ ಹತ್ತಿಬಿಟ್ಟಿದೆ.

ಐದನೇ ಕ್ಲಾಸಿಗೆ ಕೊಟ್ಟ ವಿಷಯ ಮಳೆನೀರು ಕೊಯ್ಲು. ಹೆಂಚಿನ ಮನೆ, ನೀಲಿ ಪೈಪು, ಕೆಳಗೊಂದು ತೊಟ್ಟಿ, ಅಂಗಳದಲ್ಲಿ ಸ್ಪಂಜಿನ ಮರ. ಇಂಚರ ಕತ್ತರಿಗೆ ಕೈ ಹಾಕಿದಾಗಲೆಲ್ಲ "ಮುಟ್ಬೇಡ ಕಣೇ, ಹಾಳಾಗತ್ತೆ" ಎಂದು ಗದರಿದೆ. "ಪ್ರಾಜೆಕ್ಟ್ ಯಾರ್ದು ಅಂತೀನಿ?" ಎಂದಳು ಹೆಂಡತಿ ಸುಧಾ. ಕೇಳಿಸದವನಂತೆ ಅಂಟು ಹಚ್ಚುತ್ತಿದ್ದೆ.

ನನ್ನ ಗ್ರಹಚಾರಕ್ಕೆ ಹೊಸ ಮಿಸ್ ಬಂದಿದ್ದರು. ಪ್ರದರ್ಶನದ ದಿನ, ಇಸ್ತ್ರಿ ಶರ್ಟ್ ಹಾಕಿಕೊಂಡು ನಿಂತಿದ್ದ ನನ್ನೆದುರೇ, "ಈ ಸಲ ಮಾರ್ಕ್ಸ್ ನಾನು ಕೊಡಲ್ಲ. ಮಕ್ಕಳೇ ಒಬ್ರದೊಬ್ರು ನೋಡಿ ಕೊಡ್ತಾರೆ, ತಮ್ಮದಕ್ಕೂ ತಾವೇ ಕೊಟ್ಕೋತಾರೆ" ಎಂದುಬಿಟ್ಟರು. ಇಂಚರಳ ಗೆಳತಿ, ದಾವಣಗೆರೆ ಕಡೆಯ ಸೃಷ್ಟಿ, ಒಂದು ಲೋಟ ನೀರು ತಂದು ನನ್ನ ಹೆಂಚಿನ ಮೇಲೆ ಸುರಿದೇಬಿಟ್ಟಳು. ನೀರು ತೊಟ್ಟಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹರಿಯಿತು.

"ಪೈಪಿಗೆ ತೂತೇ ಇಲ್ಲಲ್ರೀ ಅಂಕಲ್?"

"ಅದು ನೋಡೋಕಮ್ಮಾ, ಸುರಿಯೋಕಲ್ಲ" ಎಂದೆ.

ಅವಳದ್ದು ಬಾಟಲಿ ಕತ್ತರಿಸಿ ಟೇಪು ಸುತ್ತಿದ ಸೊಟ್ಟಂಬಟ್ಟ ಮಾಡೆಲ್. ಆದರೆ ಸುರಿದ ನೀರೆಲ್ಲ ತೆಪ್ಪಗೆ ಡಬ್ಬಿ ಸೇರಿತು. ಅದಕ್ಕೆ ಇಂಚರ ಹತ್ತಕ್ಕೆ ಹತ್ತು ಕೊಟ್ಟಳು. ಆಮೇಲೆ ತನ್ನ ಮಾಡೆಲ್ಲಿಗೆ ತಾನೇ ಅಂಕ ಕೊಟ್ಟುಕೊಳ್ಳುವ ಹಾಳೆ ತುಂಬಿದಳು. ಅಂಕ: ಎರಡು. ಕಲಿತದ್ದು: 'ಏನೂ ಇಲ್ಲ. ಅಪ್ಪ ಮುಟ್ಟೋಕೆ ಬಿಡಲಿಲ್ಲ.'

ಓದಿ ನಿಜಕ್ಕೂ ಸಂಕಟವಾಯಿತು. ಎರಡು ದಿನ ಮಗು ನನ್ನ ಪಕ್ಕದಲ್ಲೇ ಕೈಕಟ್ಟಿ ಕೂತಿತ್ತು, ನಾನು ಹೆಂಚು ಎಣಿಸುತ್ತಿದ್ದೆ. "ಹಾಗಾದ್ರೆ ಆ ಎರಡು ಯಾತಕ್ಕೆ?" ಎಂದು ಮೆಲ್ಲಗೆ ಕೇಳಿದೆ.

"ಮನೆಯಿಂದ ಹೊತ್ಕೊಂಡು ಬಂದಿದ್ದು ನಾನೇ ಅಲ್ವಾ?"

ಸ್ಕೂಟರಿನಲ್ಲಿ ವಾಪಸು ಬರುವಾಗ, "ಮುಂದಿನ ಸಲ ನೀನೇ ಮಾಡು, ನಾನು ಬೆರಳೂ ತಾಗಿಸಲ್ಲ" ಎಂದು ಮಾತು ಕೊಟ್ಟೆ. "ಹೂಂ" ಎಂದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಸಿಗ್ನಲ್ಲಿನಲ್ಲಿ ತಡೆಯಲಾಗಲಿಲ್ಲ.

"ಹೋಗ್ಲಿ, ಮಾಡಿದ್ದು ನಾನು ತಾನೇ? ನಂಗೆ ಎಷ್ಟು ಕೊಡ್ತೀಯಾ?"

ಹಿಂದಿನ ಸೀಟಿನಲ್ಲಿ ಇಂಚರ ನನ್ನ ಹತ್ತಿರಕ್ಕೆ ಸರಿದಳು. ಆಮೇಲೆ, ನನಗೆ ನೋವಾಗಬಾರದೆಂದು ಬೆನ್ನು ಸವರುತ್ತ ಹೇಳಿದಳು: "ನಿಂಗೆ ಕೊಡೋಕಾಗಲ್ಲ ಅಪ್ಪಾ. ನೀನು ನಮ್ಮ ಕ್ಲಾಸಲ್ವಲ್ಲ."