ಅಣ್ಣನ ಜರ್ಮನ್ ಪೂಲು

ನಾನು ಮಾಡಬೇಕಾಗಿದ್ದದ್ದು ದೊಡ್ಡ ಕೆಲಸವೇನಲ್ಲ. ಬಾಯಿ ತೆರೆದು ಅಣ್ಣನಿಗೆ ಒಂದು ಮಾತು ಹೇಳಬೇಕಾಗಿತ್ತು. ಆರು ವರ್ಷ ಹೇಳಲಿಲ್ಲ. ಅಷ್ಟರಲ್ಲಿ ನನ್ನ ಮದುವೆಯಾಯಿತು, ಎರಡು ಮಕ್ಕಳಾದವು, ಓಣಿಯ ಯಾವ ಜಗಳಕ್ಕೂ ನನ್ನ ಬಾಯಿಯೇ ಮುಂದೆ ಎಂಬ ಹೆಸರೂ ಬಂತು. ಆ ಒಂದು ಮಾತಿಗೆ ಮಾತ್ರ ಬಾಯಿ ಬರಲಿಲ್ಲ! ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆಯಲು ಕೂತರೆ ಕೈ ತಡವರಿಸುತ್ತದೆ. ಆದರೂ ಇದನ್ನು ಬರೆಯಲೇಬೇಕು.

ಮೊದಲು ಅಣ್ಣನ ವಿಷಯ. ಅವನು ಹುಚ್ಚನಲ್ಲ. ಅವನನ್ನು ಹುಚ್ಚ ಎಂದವರಿಗೆಲ್ಲ ಹುಚ್ಚು ಹಿಡಿಸಿ ಕಳಿಸುತ್ತಿದ್ದ, ಅಷ್ಟೇ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಅವನದೊಂದು ಭಾಂಡೆ, ಅಂದರೆ ಪಾತ್ರೆ, ರಿಪೇರಿಯ ಅಂಗಡಿ ಇತ್ತು. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ‘ಜರ್ಮನ್’ ಎನ್ನುತ್ತಾರೆ. ಅಣ್ಣನ ಪ್ರಕಾರ ದೇವರು ಕಲ್ಲು, ಮಣ್ಣು, ಕಬ್ಬಿಣ ಎಲ್ಲ ಮಾಡಿ ಕೈ ಪಳಗಿದ ಮೇಲೆ ಜರ್ಮನ್ ಮಾಡಿದ! ಹಗುರ, ತುಕ್ಕು ಹಿಡಿಯುವುದಿಲ್ಲ, ಬಡಿದರೆ ಬಾಗುತ್ತದೆ. ಮನುಷ್ಯರಲ್ಲಿ ಇಷ್ಟು ಗುಣ ಯಾರಿಗಿದೆ?

ಒಮ್ಮೆ ಅವನಿಗೆ ಹೆಣ್ಣು ನೋಡಲು ಬಬಲೇಶ್ವರಕ್ಕೆ ಹೋಗಿದ್ದೆವು. ಉಪ್ಪಿಟ್ಟು ಬಂತು. ಅಣ್ಣ ತನ್ನ ಪಾಲಿನದನ್ನು ಅವ್ವನ ತಟ್ಟೆಗೆ ಸುರಿದ. ಖಾಲಿ ತಟ್ಟೆಯನ್ನು ಬೋರಲು ಹಾಕಿ, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಟಣ್ ಎಂದು ಬಾರಿಸಿದ.

ಹುಡುಗಿಯ ಅಪ್ಪನಿಗೆ ತಡೆಯಲಾಗಲಿಲ್ಲ. “ಏನಪಾ, ಹುಡುಗಿ ನೋಡಾಕ ಬಂದಿಯೋ, ಭಾಂಡೆ ನೋಡಾಕ ಬಂದಿಯೋ?”

“ಭಾಂಡೆ ಪಸಂದ ಬಂತ್ರಿ,” ಎಂದ ಅಣ್ಣ.

ಲಗ್ನದ ಮಾತು ಅಲ್ಲಿಗೇ ಮುಗಿಯಿತು. ಅವ್ವ ಮಾತ್ರ ಎರಡು ಪಾಲು ಉಪ್ಪಿಟ್ಟು ತಿಂದು ಬಂದಳು.

ಟಿಕೋಟಾ ಹತ್ತಿರದ ನಮ್ಮ ಊರಿಗೂ ಹೊಲಗಳಿಗೂ ನಡುವೆ ಒಂದು ಸವಳು ಹಳ್ಳವಿದೆ. ಅದರ ನೀರು ಎಷ್ಟು ಉಪ್ಪೆಂದರೆ ದನಗಳೂ ಮೂಸಿ ನೋಡಿ ಮುಖ ತಿರುಗಿಸುತ್ತವೆ. ಮೇಲೆಲ್ಲೋ ಮಳೆ ಬಿದ್ದರೆ ಸಾಕು, ನಮ್ಮಲ್ಲಿ ಬಿಸಿಲಿದ್ದಾಗಲೇ ಹಳ್ಳ ತುಂಬಿ ಬರುತ್ತಿತ್ತು. ಆಚೆ ಹೋದ ಹೆಂಗಸರು ಆಚೆಯೇ, ಈಚೆ ತೊಟ್ಟಿಲಲ್ಲಿ ಕೂಸು. ಅರವತ್ತನೇ ಇಸವಿಯ ಸುಮಾರು, ಹೀಗೆ ಕೂಸಿನ ಅಳು ಕೇಳಲಾರದೆ ಒಬ್ಬ ಬಾಣಂತಿ ನೀರಿಗೆ ಇಳಿದೇಬಿಟ್ಟಳು. ಅವಳ ತುರುಬು ಹಿಡಿದು ಎಳೆದವನು ನಮ್ಮಣ್ಣ. ಅಂದಿನಿಂದ ನಾಲ್ಕನೆಯ ದಿನ ಜೋಳದ ದಂಟು, ಜಾಲಿ ಮುಳ್ಳು ಗುಡ್ಡೆ ಹಾಕಿಕೊಂಡು ಅಂಗಳದಲ್ಲಿ ಕೂತ. ದಂಟಿಗೆ ದಂಟು ಸೇರಿಸಿ, ಮುಳ್ಳು ಚುಚ್ಚಿ, ಬರೀ ತ್ರಿಕೋನಗಳ ಒಂದು ಸೇತುವೆ, ನಮ್ಮ ಮಾತಿನಲ್ಲಿ ಪೂಲು, ಕಟ್ಟಿದ.

“ಮೂರು ಮೂಲಿ ಇದ್ದದ್ದು ಅಲಗಾಡಂಗಿಲ್ಲ ಬೇ,” ಎಂದು ಅವ್ವನಿಗೆ ಹೇಳಿ, ಬೀಸುವ ಕಲ್ಲಿನ ಮೇಲಿನ ಹೋಳನ್ನು ಎತ್ತಿ ಅದರ ಮೇಲಿಟ್ಟ. ಸೇತುವೆ ಜಪ್ಪಯ್ಯ ಅನ್ನಲಿಲ್ಲ! ಕಲ್ಲು ಇಳಿಸಿ ಒಳಗೆ ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ನಮ್ಮ ಎಮ್ಮೆ ಆ ಸೇತುವೆಯನ್ನು ತಿಂದುಬಿಟ್ಟಿತ್ತು.

“ಅದಕ್ಕ ಜರ್ಮನ್ ಬೇಕು ಅನ್ನೂದು,” ಎಂದ ಅಣ್ಣ, ಬಾಯಿ ಒರೆಸಿಕೊಳ್ಳುತ್ತ.

ಸೊಲ್ಲಾಪುರದ ಹಳೇ ಸಾಮಾನಿನ ಬಜಾರದಿಂದ ಉದ್ದುದ್ದ ಜರ್ಮನ್ ಪಟ್ಟಿಗಳು ಬಂದವು. ಮುರಿದ ವಿಮಾನದವು ಎಂದು ಮಾರಿದವನು ಹೇಳಿದ್ದನಂತೆ. ಅಷ್ಟು ಸಾಕಾಯಿತು ಊರಿಗೆ! ಗಾಳಿ ಬಿಟ್ಟ ದಿನ ಪೂಲು ಹಾರಿ ಹೋಗುತ್ತದೆ, ಮೇಲಿದ್ದವರು ಮುಂಬಯಿಯಲ್ಲಿ ಇಳಿಯಬೇಕಾಗುತ್ತದೆ ಎಂದು ನಕ್ಕರು. ಅಂಗಡಿಯಲ್ಲಿ ಜೋಡಿಸಿದ ಅರ್ಧರ್ಧವನ್ನು ಬಂಡಿಯಲ್ಲಿ ತಂದಾಗ ನಾಲ್ಕೇ ಮಂದಿ ಹೊತ್ತು ಇಳಿಸಿದರು. ಕಟ್ಟೆಯ ಮೇಲಿದ್ದ ಮುದುಕನೊಬ್ಬ ಕೂಗಿದ: “ನಾಕ ಮಂದಿ ಹೊತ್ತರ ಅದು ಪೂಲಲ್ಲೋ, ಚಟ್ಟ!”

“ಚಟ್ಟ ಒಬ್ಬನ್ನ ದಾಟಸ್ತೈತಿ ಕಾಕಾ, ಇದು ಊರನ್ನ ದಾಟಸ್ತೈತಿ!”

ಮುದುಕ ಎದ್ದು ಬಂದು ತಾನೂ ಹೆಗಲು ಕೊಟ್ಟ.

ಈಗ ನನ್ನ ಕಥೆ. ಜೋಡಿಸಲು ಕಬ್ಬಿಣದ ಬೋಲ್ಟುಗಳೇ ಸಿಕ್ಕಿದ್ದವು. ಕಬ್ಬಿಣ, ಜರ್ಮನ್ ಎರಡೂ ಮೈಗೆ ಮೈ ತಾಗಿಸಿಕೊಂಡು, ನಡುವೆ ಉಪ್ಪುನೀರು ಸೇರಿದರೆ ಜರ್ಮನ್ ಸವೆದು ಬಿಳಿ ಹಿಟ್ಟಾಗುತ್ತದಂತೆ. “ಅತ್ತಿ ಸೊಸಿ ಇದ್ದಂಗ ತಂಗೀ, ನಡುವ ಒಂದು ಗ್ವಾಡಿ ಬೇಕು,” ಎಂದ ಅಣ್ಣ. ಹಳೇ ಸೈಕಲ್ ಟ್ಯೂಬಿನ ತುಂಡುಗಳೇ ಆ ಗೋಡೆ. ಒಂದೊಂದು ಬೋಲ್ಟಿಗೂ ಸುತ್ತಿ, ತಲೆಯ ಕೆಳಗೂ ಒಂದು ಬಳೆ ಕೂಡಿಸಬೇಕು. ನನ್ನ ಬೆರಳು ಸಣ್ಣವೆಂದು ಆ ಕೆಲಸ ನನಗೆ ಬಂತು. ನಿಷ್ಠೆಯಿಂದಲೇ ಮಾಡುತ್ತಿದ್ದೆ, ಕೊನೆಯ ಮೂಲೆಯವರೆಗೆ.

ಹಳ್ಳದ ದಂಡೆಯಲ್ಲಿ ಕೂಡಿಸುವಾಗ ಆ ಮೂಲೆಗೆ ತಗಡು ಸಾಲಲಿಲ್ಲ. ಅಣ್ಣ ಮನೆಗೆ ಹೋದ. ನನ್ನ ಮದುವೆಗೆಂದು ಅವ್ವ ಎತ್ತಿಟ್ಟಿದ್ದ ಜರ್ಮನ್ ಪರಾತ ತಂದ. ಕತ್ತರಿಸಿ, ಎರಡು ಪದರ ಮಾಡಿ ಬಡಿದ! ಹಿಟ್ಟು ನಾದುವ ಅಗಲವಾದ ತಾಟು ಅದು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಕೊರೆಸಿದ್ದರು. ನಾನು ಅತ್ತೆ, ಕೂಗಾಡಿದೆ.

“ಅಳಬ್ಯಾಡ. ಊರ ಮಂದಿ ದಾಟೂ ಪೂಲಿನ್ಯಾಗ ನಿನ್ನ ಹೆಸರಿರತೈತಿ. ಯಾ ರಾಣಿಗೈತಿ ಇಂಥಾ ನಸೀಬು?”

ರಾಣಿಗೆ ಸಿಟ್ಟು ಇಳಿಯಲಿಲ್ಲ. ಅವನು ಆಚೆ ದಂಡೆಗೆ ಹೋದಾಗ ಆ ಮೂಲೆಯ ಎಂಟೂ ಬೋಲ್ಟುಗಳನ್ನು ಬರಿದೇ ತೂರಿಸಿ, ಟ್ಯೂಬಿನ ತುಂಡುಗಳನ್ನು ಹಳ್ಳಕ್ಕೆ ಎಸೆದೆ. ಅಣ್ಣ ಬಂದು ಕೆಳಗಿನಿಂದ ನಟ್ಟು ಬಿಗಿದ.

“ಎಲ್ಲಾ ಹಾಕೀಯಿಲ್ಲ ತಂಗೀ?”

“ಹಾಕೀನಿ ತಗೋ!”

ಲೋಕದ ಭಾಂಡೆಗಳನ್ನೆಲ್ಲ ಬಾರಿಸಿ ನೋಡುತ್ತಿದ್ದವನು ನನ್ನನ್ನು ಮಾತ್ರ ಬಾರಿಸಿ ನೋಡಲಿಲ್ಲ.

ಎರಡು ಮಳೆಗಾಲ ಪೂಲು ನಿಂತಿತು. ಹಳ್ಳ ಬಂದಾಗ ಹೆಂಗಸರು ಬುಟ್ಟಿ ಹೊತ್ತು, ಕೆಳಗಿನ ನೀರಿಗೆ ನಾಲಗೆ ಚಾಚಿ ಅಣಕಿಸುತ್ತ ದಾಟಿದರು. ಸುದ್ದಿ ಮುಟ್ಟಿ, ಮೂರನೆಯ ವರ್ಷ ವಿಜಾಪುರದಿಂದ ಒಬ್ಬ ಇಂಜಿನಿಯರ್ ಸಾಹೇಬರು ನೋಡಲು ಬಂದರು. ಅವರು ಒಪ್ಪಿದರೆ ಇನ್ನೂ ನಾಲ್ಕು ಊರಿನ ಹಳ್ಳಗಳಿಗೆ ಇಂಥದೇ ಪೂಲು. ಅಣ್ಣ ಹೊಸ ಧೋತರ ಉಟ್ಟಿದ್ದ. ಸಾಹೇಬರು ದಪ್ಪಗಿದ್ದರು. ಮೂಲೆಯ ಮೇಲೆ ಕಾಲಿಟ್ಟರು; ನನ್ನ ಹೆಸರು ಕರಕ್ ಎಂದಿತು; ಸಾಹೇಬರು ಮೊಳಕಾಲುದ್ದ ಕೆಸರಿನಲ್ಲಿ ಕೂತರು! ಅವರ ಹ್ಯಾಟು ತೇಲುತ್ತ ಹೋಯಿತು. ಊರು ಬಿದ್ದು ಬಿದ್ದು ನಕ್ಕಿತು.

“ಯಾರದಿದು ಲೆಕ್ಕ?” ಎಂದರು ಸಾಹೇಬರು, ಕೆಸರಿನಿಂದಲೇ.

“ನಂದರಿ,” ಎಂದ ಅಣ್ಣ. ಅವನೊಬ್ಬನೇ ನಗಲಿಲ್ಲ. ನಾನೂ ನಗಲಿಲ್ಲ.

ಅವನು ಸಾಹೇಬರನ್ನು ರಸ್ತೆಗೆ ಮುಟ್ಟಿಸಲು ಹೋದಾಗ ನಾನು ಕೆಳಗಿಳಿದೆ. ಮುರಿದ ಮೂಲೆಯಲ್ಲಿ ಬೋಲ್ಟುಗಳ ಸುತ್ತ ಬಿಳಿ ಹಿಟ್ಟು. ಎಂಟನ್ನೂ ಆರಿಸಿ, ಹಿಟ್ಟಾದ ತಗಡಿನ ಸಮೇತ ಮಡುವಿಗೆ ಎಸೆದೆ. ಟ್ಯೂಬು ಬಿಟ್ಟದ್ದು ಸಿಟ್ಟಿನಲ್ಲಿ ಎನ್ನಬಹುದು. ಇದಕ್ಕೆ ಏನನ್ನಲಿ?

ಅಣ್ಣ ಬಂದು, ಮುರಿದ ಮೂಲೆಯ ಬೋಲ್ಟುಗಳು ಹಳ್ಳದ ಪಾಲಾದವೆಂದುಕೊಂಡು, ಉಳಿದ ಜೋಡಣೆಗಳನ್ನೆಲ್ಲ ಬಿಚ್ಚಿ ನೋಡಿದ. ಎಲ್ಲ ಹೊಸದರಂತಿದ್ದವು. ಹಾಗಾದರೆ ತಪ್ಪು ತನ್ನ ಲೆಕ್ಕದ್ದೇ ಎಂದು ತೀರ್ಮಾನಿಸಿ, ಪೂಲು ಕಳಚಿ ಬಂಡಿಗೆ ಹೇರಿದ. ಮರುವರ್ಷದಿಂದ ಹೆಂಗಸರು ಮತ್ತೆ ಆಚೆ, ಕೂಸುಗಳು ಈಚೆ.

ಪೂಲು ಮುರಿದು ಆರು ವರ್ಷವಾದ ಮೇಲೆ, ತವರಿಗೆ ಬಂದವಳು ಅವನ ಅಂಗಡಿಗೆ ಹೋಗಿದ್ದೆ. ಬಬಲೇಶ್ವರದ ಕಡೆಯ ಇಬ್ಬರು ರೈತರು ಕೂತಿದ್ದರು. ಅವರ ಹಳ್ಳದಲ್ಲಿ ಹಿಂದಿನ ವಾರ ಒಂದು ಹುಡುಗಿ ಸ್ವಲ್ಪದರಲ್ಲಿ ಉಳಿದಿತ್ತಂತೆ. “ಎರಡು ಮಳಿಗಾಲ ತಡದಿತ್ತಂತಲ್ರಿ ನಿಮ್ಮ ಪೂಲು. ನಮಗೂ ಒಂದು ಮಾಡಿಕೊಡ್ರಿ,” ಎಂದು ಕೈ ಮುಗಿದರು.

“ಬ್ಯಾಡ್ರಿ,” ಎಂದ ಅಣ್ಣ. “ನನ್ನ ಲೆಕ್ಕ ಎಲ್ಲೋ ತಪ್ಪೈತಿ. ಇನ್ನೂ ಅಮಾಸಿಗೊಮ್ಮೆ ಅಂಗಡಿ ಮುಚ್ಚಿದ ದಿನ ದಂಟು ಹಚ್ಚಿ ಆ ಮೂಲಿ ಮ್ಯಾಲ ಕಲ್ಲಿಟ್ಟು ನೋಡ್ತೇನಿ. ಬೀಳವಲ್ದು. ಯಾಕ ಬಿತ್ತು ಅಂತ ತಿಳಿಯೂತನಕ ಮಂದಿ ಜೀವದ ಜೋಡಿ ಆಟ ಆಡಂಗಿಲ್ಲರಿ.”

ಆರು ವರ್ಷದ ಎಲ್ಲ ಅಮಾವಾಸ್ಯೆಗಳು!

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ತಗಡು ಬಡಿದು ಬಡಿದು ಅವನ ಕಿವಿ ಮಂದವಾಗಿದ್ದವು.

“ಏನಂದಿ? ಜೋರ ಹೇಳು, ಕೇಳಸಂಗಿಲ್ಲ.”

ಇನ್ನೊಮ್ಮೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ರೈತರು ಟವೆಲ್ ಕೊಡವಿ ಎದ್ದರು. ಒಬ್ಬ ಆಗಲೇ ಚಪ್ಪಲಿ ಮೆಟ್ಟಿದ್ದ. ಪಕ್ಕದ ಅಂಗಡಿಯವರು, ರಸ್ತೆಯ ಮಂದಿ, ಯಾರು ಕೇಳಿದರೂ ಕೇಳಲಿ ಎಂದು ನಾನು ಕಿರುಚಿದೆ:

“ಯಣ್ಣಾ, ನಿನ್ನ ಲೆಕ್ಕ ತಪ್ಪಿಲ್ಲೋ! ಆ ಮೂಲಿಗೆ ಟ್ಯೂಬು ನಾನ ಹಾಕಲಿಲ್ಲ! ಪರಾತದ ಸಿಟ್ಟಿಗೆ ಹಳ್ಳಕ್ಕ ಒಗದೆ, ಬೋಲ್ಟೂ ನಾನ ಮಡುವಿಗೆ ಚೆಲ್ಲಿದೆ. ನಿಂದಲ್ಲ, ತಪ್ಪು ನಂದು. ಹೊಟ್ಟ್ಯಾಗ ಹಾಕ್ಕೊಳೋ ಯಣ್ಣಾ!”